ಕಿಟಕಿಯಾಚೆ ಅತ್ತೆ

ನಮ್ಮಮ್ಮ ನಾಟಕದ ಕಂಪನಿ ಸೇರಬೇಕಾಗಿದ್ದವಳು, ಟೈಪಿಸ್ಟ್ ಕೆಲಸಕ್ಕೆ ಸೇರಿದಳು. ಆಗ ನನಗೆ ಹನ್ನೆರಡು, ನನ್ನ ತಮ್ಮ ಗುಂಡನಿಗೆ ಒಂದೂವರೆ. ಅವನಿಗೂ ಒಂದು ಚಂದದ ಹೆಸರಿತ್ತು. ನಾಮಕರಣದ ದಿನ ಕಿವಿಯಲ್ಲಿ ಹೇಳಿದ್ದು ಬಿಟ್ಟರೆ ಸ್ಕೂಲಿಗೆ ಸೇರಿಸುವ ತನಕ ಅದನ್ನು ಯಾರೂ ಹೊರಗೆ ತೆಗೆಯಲಿಲ್ಲ. ಜಯನಗರದಲ್ಲಿ ನಾವಿದ್ದ ಬಾಡಿಗೆ ಮನೆ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಜೋಡಿಸಿದ್ದು. ಮುಂದೆ ನಡುಮನೆ, ಅದರ ಹಿಂದೆ ಮಂಚ ಹಾಕಿದರೆ ನಿಲ್ಲಲು ಜಾಗವಿಲ್ಲದ ಕೋಣೆ, ಆಮೇಲೆ ಅಡಿಗೆಮನೆ, ಕೊನೆಗೆ ಬಚ್ಚಲುಮನೆ. ಬಾಗಿಲುಗಳೆಲ್ಲ ಒಂದೇ ಗೆರೆಯಲ್ಲಿದ್ದುದರಿಂದ ಮುಂಬಾಗಿಲ ಪಕ್ಕದ ಕಿಟಕಿಯಲ್ಲಿ ಇಣುಕಿದವರಿಗೆ ಬಚ್ಚಲಿನ ಬಾಗಿಲು ನೆಟ್ಟಗೆ ಕಾಣುತ್ತಿತ್ತು. ಬಂದವರ ಮುಂದೆ ಮಾನ ಉಳಿಯಲಿ ಎಂದು ಅಮ್ಮ ನಡುವೆ ಹಳೇ ಸೀರೆಯ ಪರದೆ ಕಟ್ಟಿದ್ದಳು. ಗುಂಡ ನಡೆಯಲು ಕಲಿತ ವಾರವೇ ಅದನ್ನು ಜಗ್ಗಿ ಕೆಳಗೆ ಹಾಕಿದ. ಮತ್ತೆ ಕಟ್ಟುವ ಉತ್ಸಾಹ ಯಾರಿಗೂ ಬರಲಿಲ್ಲ.

ಅಮ್ಮ ಮದುವೆಗೆ ಮೊದಲೇ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದಳು. ಬೇಳೆ ಬೇಯುವಾಗ ಒಲೆಕಟ್ಟೆಯ ಅಂಚಿನ ಮೇಲೆ ಅವಳ ಹತ್ತೂ ಬೆರಳು ತಮ್ಮಷ್ಟಕ್ಕೆ ಕುಣಿಯುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಅದು ಏನೆಂದು ಕೇಳಿದರೆ "ಕಾಗದ ಹೊಡೀತಿದೀನಿ ಕಣೆ" ಎನ್ನುತ್ತಿದ್ದಳು. ಸರ್ಕಾರಿ ಕಚೇರಿಯೊಂದರಿಂದ ಕೆಲಸದ ಆರ್ಡರು ಬಂದ ದಿನ ಅವಳು ಅದನ್ನು ದೇವರ ಮುಂದೆ ಇಡುವುದನ್ನೂ ಮರೆತು ನಡುಮನೆಯಲ್ಲಿ ನಿಂತು ಮೂರು ಸಲ ಗಟ್ಟಿಯಾಗಿ ಓದಿದಳು. ಅಪ್ಪನಿಗೆ ಕಾರ್ಖಾನೆಯ ಕೆಲಸ. ಯಾವಾಗಲೂ ಎರಡನೇ ಪಾಳಿಯೇ ಇರಲಿ ಎಂದು ಕೇಳಿ ಹಾಕಿಸಿಕೊಂಡರು. ಬೆಳಗ್ಗೆ ಗುಂಡನನ್ನು ಅವರು ನೋಡಿಕೊಳ್ಳುವುದು, ಬೆಳಗಿನ ಸ್ಕೂಲು ಮುಗಿಸಿ ನಾನು ಒಂದು ಗಂಟೆಗೆ ಬಂದಮೇಲೆ ಅವರು ಹೊರಡುವುದು, ಆರಕ್ಕೆ ಅಮ್ಮ ಬರುವ ತನಕ ಮನೆಯಲ್ಲಿ ನಾನು, ಗುಂಡ. ಲೆಕ್ಕ ಸರಿಯಾಗಿಯೇ ಇತ್ತು. ಒಪ್ಪದೇ ಇದ್ದವರು ಹನುಮಂತನಗರದ ಅತ್ತೆ.

ಅತ್ತೆ ಅಪ್ಪನ ಅಕ್ಕ. ತಾಯಿಯಿಲ್ಲದ ಅಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವರು. ಹಾಗಾಗಿ ನಮ್ಮ ಮನೆಯಲ್ಲಿ ಅವರ ಮಾತಿಗೆ ಮೇಲ್ಮನವಿ ಇರಲಿಲ್ಲ. ಪ್ರತಿ ಮಾತಿನ ಕೊನೆಗೂ "ಗೊತ್ತಾಯ್ತಾ?" ಎಂದು ಮೂಗಿನಲ್ಲಿ ಎಳೆಯುವುದು ಅವರ ರೂಢಿ. ಗೊತ್ತಾಗಲಿಲ್ಲ ಎಂದು ಹೇಳಿದವರನ್ನು ನಾನು ಕಂಡಿಲ್ಲ. ಸುದ್ದಿ ತಿಳಿದ ಭಾನುವಾರವೇ ಒಂದು ಡಬ್ಬಿ ಕೋಡುಬಳೆ ಹಿಡಿದು ಬಂದರು. ಕೋಡುಬಳೆಯನ್ನು ನನ್ನ ಕೈಗೆ ಕೊಟ್ಟು, ಮನೆಗೆ ಇದ್ದ ಒಂದೇ ಬೆತ್ತದ ಕುರ್ಚಿಯಲ್ಲಿ ಕುಳಿತರು.

"ಹನ್ನೆರಡು ವರ್ಷದ ಹುಡುಗಿ ಕೈಲಿ ಮಗು ಕೊಟ್ಟು ಹೋಗ್ತೀಯಾ ಸರೋಜ? ಮಗು ಏನು ಪಾತ್ರೆನಾ, ಬಿದ್ರೆ ಸೊಟ್ಟ ಆಗತ್ತೆ ಅಷ್ಟೇ ಅನ್ನೋಕೆ? ಅವಳೇ ಇನ್ನೂ ಮಗು. ಗೊತ್ತಾಯ್ತಾ?"

"ಕಲಿಸ್ತೀನಿ ಅತ್ತಿಗೆ. ಎಲ್ಲಾ ಕಲಿಸಿಯೇ ಹೋಗ್ತೀನಿ."

"ಇದೆಲ್ಲ ಕಲಿಸಿ ಬರೋದಲ್ಲ. ನೀನೇನಂತೀಯೋ ನಾಗು?"

ಅಪ್ಪ ಅಮ್ಮನನ್ನು ನೋಡಿದರು, ಅಕ್ಕನನ್ನು ನೋಡಿದರು, ಆಮೇಲೆ ಕೋಡುಬಳೆಯನ್ನು ನೋಡಿದರು.

"ನೀನು ಹೇಗೆ ಹೇಳ್ತೀಯೋ ಹಾಗೆ ಅಕ್ಕ."

ಆ ಕ್ಷಣ ನನಗೆ ಅಪ್ಪನ ಮೇಲೆ ಬಂದ ಕೋಪ ಇವತ್ತಿಗೂ ಪೂರ್ತಿ ಇಳಿದಿಲ್ಲ. ಅಮ್ಮ ಮಾತ್ರ ಜಗ್ಗಲಿಲ್ಲ. ಹದಿನೈದು ದಿನ ತಯಾರಿ, ಆಮೇಲೆ ಒಂದು ತಿಂಗಳು ಕೆಲಸ ಮಾಡಿ ನೋಡುತ್ತೇನೆ ಎಂದಳು. ಅತ್ತೆ ತುಂಬ ಹೊತ್ತು ಗುಂಡನ ತಲೆ ಸವರುತ್ತ ಕುಳಿತಿದ್ದು, ಎದ್ದು ಹೊರಡುವಾಗ ತೀರ್ಪು ಕೊಟ್ಟರು.

"ಆ ತಿಂಗಳಲ್ಲಿ ಒಂದಿನ ನಾನು ಬರ್ತೀನಿ. ಹೇಳಿ ಬರಲ್ಲ. ಸರಿ ಇಲ್ಲ ಅಂತ ನನಗೆ ಕಂಡ್ರೆ ಮಾರನೇ ದಿನದಿಂದ ನೀನು ಆಫೀಸಿಗೆ ಹೋಗೋ ಹಾಗಿಲ್ಲ."

"ಆಗ್ಲಿ ಅತ್ತಿಗೆ," ಎಂದಳು ಅಮ್ಮ. ಆಮೇಲೆ ಅಡಿಗೆಮನೆಗೆ ಹೋಗಿ ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳ ಕೆಲಸ ಉಳಿಯುವುದು, ಹೋಗುವುದು ಎರಡೂ ನನ್ನ ಕೈಯಲ್ಲಿದೆ ಎನ್ನುವುದು ನನಗೆ ಅರ್ಥವಾಗಿತ್ತು. ಹೆದರಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಹೆಮ್ಮೆ ಒಂದು ತೂಕ ಜಾಸ್ತಿಯೇ.

ತಯಾರಿ ಮಾರನೆಯ ಬೆಳಗ್ಗೆಯೇ ಶುರುವಾಯಿತು, ನನ್ನ ಜಡೆಯಿಂದ. ಆರೂವರೆಗೆ ಸ್ಕೂಲಿಗೆ ತಲೆ ಬಾಚುವಾಗ ಅಮ್ಮ ಹಿಂದೆ ಮಣೆಯ ಮೇಲೆ, ನಾನು ಅವಳ ಮುಂದೆ ನೆಲದ ಮೇಲೆ. ಜಡೆ ಅವಳ ಮುಷ್ಟಿಯಲ್ಲಿ ಇರುವಷ್ಟು ಹೊತ್ತು ನಾನು ಎಲ್ಲಿಗೂ ಓಡುವ ಹಾಗಿಲ್ಲ. ಆ ಹೊತ್ತಿನಲ್ಲಿ ಪ್ರಶ್ನೆ. ಉತ್ತರ ಸರಿಯಿದ್ದರೆ ಒಂದು ಹೆಣಿಗೆ ಮುಂದೆ ಹೋಗುತ್ತಿತ್ತು. ತಪ್ಪಿದರೆ ಜಡೆಗೆ ಒಂದು ಜಗ್ಗು.

"ಗುಂಡ ಬಾಯಿಗೆ ಕಾಸು ಹಾಕ್ಕೊಂಡ. ಏನ್ಮಾಡ್ತೀಯ?"

"ಕಿರುಚ್ತೀನಿ."

ಜಗ್ಗು.

"ಕಿರುಚಿದ್ರೆ ಹೆದರಿ ನುಂಗ್ತಾನೆ. ನಕ್ಕೊಂಡು ಹತ್ರ ಹೋಗು. ಬಾಯಲ್ಲಿ ಕಾಣ್ತಿದ್ರೆ ಮಾತ್ರ ಬೆರಳು ಹಾಕು. ಉಸಿರು ಕಟ್ಟಿದ್ರೆ ಬೋರಲು ಹಾಕ್ಕೊಂಡು ಬೆನ್ನಿಗೆ ಬಡಿ. ಒಲೆ?"

"ಮುಟ್ಟಲ್ಲ. ಹಾಲು ಫ್ಲಾಸ್ಕಲ್ಲಿರತ್ತೆ."

"ಏನಾದ್ರೂ ಆದ್ರೆ?"

"ಕಿಟಕೀಲಿ ನಿಂತು ಎದುರುಮನೆ ಆಂಟೀನ ಕೂಗ್ತೀನಿ."

"ಬಾಗಿಲು ಯಾರಿಗೆ ತೆಗೀತೀಯ?"

"ನಿನಗೆ, ಅಪ್ಪಂಗೆ."

"ಮತ್ತೆ?"

"ಎದುರುಮನೆ ಆಂಟಿಗೆ?"

ಜಗ್ಗು.

"ಇಬ್ಬರಿಗೇ. ದೇವರೇ ಬಂದ್ರೂ ಕಿಟಕೀಲೇ ಮಾತಾಡ್ಸು. ಅವನಿಗೆ ಬೇಜಾರಾದ್ರೆ ನಾನು ಸಂಜೆ ಬಂದು ಸಮಾಧಾನ ಮಾಡ್ತೀನಿ."

ಇಷ್ಟಕ್ಕೆ ನಿಲ್ಲಿಸಿದ್ದರೆ ಅವಳು ಎಲ್ಲರ ಅಮ್ಮಂದಿರ ಹಾಗೆ ಇರುತ್ತಿದ್ದಳು. ಸಂಜೆ ಪಾತ್ರೆ ತೊಳೆದಾದ ಮೇಲೆ ನಮ್ಮಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಎರಡು ನಿಮಿಷ ಸದ್ದಿಲ್ಲ. ಆಮೇಲೆ ದಬದಬ ಬಡಿತ. ಒಂದು ದಿನ ಗಂಟಲು ದಪ್ಪ ಮಾಡಿಕೊಂಡು ರೇಷನ್ ಕಾರ್ಡು ನೋಡಲು ಬಂದ ಸಾಹೇಬರು. ಇನ್ನೊಂದು ದಿನ ಅರ್ಧ ತಮಿಳು ಅರ್ಧ ಕನ್ನಡ ಮಾತಾಡುವ ಪಾತ್ರೆ ಮಾರುವ ಅಮ್ಮ. ಮತ್ತೊಂದು ದಿನ ಓಡಿ ಬಂದು ಏದುಸಿರು ಬಿಡುತ್ತ, "ನಿಮ್ಮಪ್ಪಂಗೆ ಕಾರ್ಖಾನೇಲಿ ಪೆಟ್ಟಾಗಿದೆ ಮಗು, ಬೇಗ ಬಾ" ಎನ್ನುವ ಯಾರೋ ಅಪರಿಚಿತ. ಅದು ಅಮ್ಮನೇ ಎಂದು ಗೊತ್ತಿದ್ದೂ ನಾನು ಅವತ್ತು ಅಳುತ್ತ ಸ್ಟೂಲು ಎಳೆದು ಮೇಲಿನ ಚಿಲಕ ತೆಗೆದುಬಿಟ್ಟೆ. ಅವಳು ನನ್ನನ್ನು ಅಪ್ಪಿಕೊಂಡು, ಕಣ್ಣೊರೆಸಿ, ಮತ್ತೆ ಹೊರಗೆ ಹೋಗಿ ಮತ್ತೆ ಅದನ್ನೇ ಹೇಳಿದಳು. ನಾಲ್ಕನೆಯ ಸಲ ನಾನು ತೆಗೆಯಲಿಲ್ಲ.

ಅವಳ ಅತ್ಯುತ್ತಮ ಪಾತ್ರ ಅತ್ತೆಯದು. ಆ ಕೆಮ್ಮು, ಆ ಮೂಗು, ಆ "ಗೊತ್ತಾಯ್ತಾ". ಮೊದಲ ಸಲ ಕೇಳಿದಾಗ ನಾನು ನಿಜವಾಗಿ ಅತ್ತೆಯೇ ಬಂದರೆಂದು ಬಾಗಿಲು ತೆಗೆದೆ. ಎದುರಿಗೆ ಅಮ್ಮ, ಸೊಂಟದ ಮೇಲೆ ಕೈ.

"ಅತ್ತೆ ಅಂತ ತೆಗ್ದ್ಯಾ? ಧ್ವನಿ ಯಾರು ಬೇಕಾದ್ರೂ ಮಾಡಬಹುದು. ನಾನೇ ಮಾಡ್ದೆ ನೋಡು."

ನಾವಿಬ್ಬರೂ ನಕ್ಕು ನಕ್ಕು ನಡುಮನೆಯಲ್ಲೇ ಕುಸಿದು ಕುಳಿತೆವು. ಗುಂಡನಿಗೆ ಏನೂ ತಿಳಿಯದಿದ್ದರೂ ಚಪ್ಪಾಳೆ ತಟ್ಟಿದ. ಆಮೇಲೆ ನನ್ನ ಹಟಕ್ಕೆ ಅವಳು ದಿನಾ ಅತ್ತೆಯನ್ನು ಮಾಡಬೇಕಾಯಿತು, ನಾನು ಇನ್ನೂ ಸ್ವಲ್ಪ ಮೂಗು ಸೇರಿಸು ಎಂದು ತಿದ್ದಬೇಕಾಯಿತು.

ನಾವು ಸೋತದ್ದು ಬಚ್ಚಲುಮನೆಯಲ್ಲಿ. ಅದರ ಬಾಗಿಲಿಗೆ ಒಳಗಡೆ ಒಂದು ಕಬ್ಬಿಣದ ಪಟ್ಟಿ ಇತ್ತು. ಮೇಲೆತ್ತಿ ನಿಲ್ಲಿಸಿರುವುದು, ಬೀಳಿಸಿದರೆ ಚೌಕಟ್ಟಿನ ಕೊಕ್ಕೆಯಲ್ಲಿ ಹೋಗಿ ಕೂರುವುದು. ಬಾಗಿಲನ್ನು ಜೋರಾಗಿ ತಳ್ಳಿದರೆ ತಾನಾಗಿಯೇ ಬೀಳುವುದೂ ಉಂಟು. ಗುಂಡನಿಗೆ ಬಾಗಿಲು ದಬ್ಬುವುದೆಂದರೆ ಪಂಚಪ್ರಾಣ. ಅಮ್ಮ ಒಳಗೆ ಹೋಗಿ ಪಟ್ಟಿ ಬೀಳಿಸಿಕೊಂಡು, "ನಾನೀಗ ಗುಂಡ. ನನ್ನ ಹೊರಗೆ ಕರಿ" ಎಂದು ಎಳೆಮಗುವಿನ ಹಾಗೆ ಅಳತೊಡಗಿದಳು. ನಾನು ಬಾಗಿಲು ತಳ್ಳಿದೆ, ಒದ್ದೆ, ಬೇಡಿಕೊಂಡೆ, ಬೈದೆ. ಕಾಲು ಗಂಟೆ ಕಳೆದರೂ ಆಗಲಿಲ್ಲ. ಕೊನೆಗೆ ಅವಳೇ ಹೊರಬಂದು, "ಇದಕ್ಕೆ ನಂಗೂ ಉತ್ತರ ಗೊತ್ತಿಲ್ಲ ವಿಜಿ. ಅದಕ್ಕೇ ಈ ಬಾಗಿಲಿಗೆ ಯಾವಾಗಲೂ ಹೊರಗಿನ ಚಿಲಕ ಹಾಕಿಯೇ ಇರಬೇಕು. ಒಂದು ನಿಮಿಷಾನೂ ಬಿಡಬೇಡ" ಎಂದಳು. ಅಪ್ಪನಿಗೆ ಆ ಪಟ್ಟಿ ಕಿತ್ತು ಬೇರೆ ಹಾಕಿಸಿ ಎಂದು ಹೇಳಿದಳು. ಅಪ್ಪ ಆಗಲಿ ಎಂದರು. ಅಪ್ಪ ಎಲ್ಲದಕ್ಕೂ ಆಗಲಿ ಎನ್ನುತ್ತಿದ್ದರು.

ಅಮ್ಮ ಆಫೀಸಿಗೆ ಹೋಗತೊಡಗಿದ ಮೇಲೆ ಮಧ್ಯಾಹ್ನ ಒಂದರಿಂದ ಆರರವರೆಗೆ ಆ ಮನೆಗೆ ನಾನೇ ಒಡತಿ. ಅನ್ನ ಸಾರು ನುಣ್ಣಗೆ ಕಿವುಚಿ, ಕಿಟಕಿಯಲ್ಲಿ ಕಾಗೆ ತೋರಿಸಿ ಗುಂಡನಿಗೆ ಉಣಿಸುವುದು, ಅರ್ಧ ಅವನ ಹೊಟ್ಟೆಗೆ, ಅರ್ಧ ನನ್ನ ಲಂಗಕ್ಕೆ. ಕಾಲ ಮೇಲೆ ಹಾಕಿಕೊಂಡು ತಟ್ಟಿ ಮಲಗಿಸುವುದು, ಅವನು ಮಲಗಿದ ಮೇಲೆ ಹೋಂವರ್ಕು, ಎದ್ದಮೇಲೆ ಫ್ಲಾಸ್ಕಿನ ಹಾಲು. ಯಾರು ಬಂದು ಕೇಳಿದರೂ "ಅಮ್ಮ ಸ್ನಾನ ಮಾಡ್ತಿದಾರೆ" ಎನ್ನುವುದು ಅಮ್ಮನೇ ಕಲಿಸಿದ ಸುಳ್ಳು. ಎರಡು ವಾರ ಕಳೆದ ಮೇಲೆ ಪೋಸ್ಟ್‌ಮ್ಯಾನ್ ಕಾಗದವನ್ನು ಕಿಟಕಿಯಲ್ಲಿ ತೂರಿಸುತ್ತ, "ಏನಮ್ಮ, ನಿಮ್ಮಮ್ಮ ದಿನಾ ಮೂರು ಗಂಟೆಗೇ ಸ್ನಾನ ಮಾಡ್ತಾರಾ?" ಎಂದು ಕೇಳಿದ. "ಹೌದು, ನಮ್ಮನೇಲಿ ಹಂಗೇ" ಎಂದೆ. ನನ್ನ ಜಂಬ ಆ ದಿನಗಳಲ್ಲಿ ಹೇಳತೀರದು. ಸ್ಕೂಲಿನಲ್ಲಿ ಗೆಳತಿಯರು ಕುಂಟೆಬಿಲ್ಲೆಗೆ ಕರೆದರೆ, "ನಂಗೆ ಮನೆ ಇದೆ" ಎನ್ನುತ್ತಿದ್ದೆ, ಅವರಿಗೆಲ್ಲ ಮನೆಯೇ ಇಲ್ಲವೇನೋ ಎನ್ನುವ ಹಾಗೆ.

ಅತ್ತೆ ಬಂದದ್ದು ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿದ್ದಾಗ, ಒಂದು ಬುಧವಾರ. ನಮ್ಮ ರಸ್ತೆಗೆ ನಲ್ಲಿಯಲ್ಲಿ ನೀರು ಬರುತ್ತಿದ್ದುದು ದಿನ ಬಿಟ್ಟು ದಿನ, ಸಂಜೆ ನಾಲ್ಕಕ್ಕೆ, ಒಂದು ಗಂಟೆ ಹೊತ್ತು. ಅಷ್ಟರಲ್ಲಿ ಬಚ್ಚಲುಮನೆಯ ಸಿಮೆಂಟು ತೊಟ್ಟಿ ತುಂಬಿಸಿಕೊಂಡರೆ ಉಂಟು, ಇಲ್ಲದಿದ್ದರೆ ಎರಡು ದಿನ ಪರದಾಟ. ಗುಂಡನನ್ನು ಅಡಿಗೆಮನೆಯ ನೆಲದಲ್ಲಿ ಕೂರಿಸಿ, ಕೈಗೆ ಎರಡು ಲೋಟ ಕೊಟ್ಟು, ನಾನು ತೊಟ್ಟಿ ತಿಕ್ಕಿ ನಲ್ಲಿ ಬಿಟ್ಟಿದ್ದೆ. ಮುಂಬಾಗಿಲಲ್ಲಿ ದಬದಬ ಸದ್ದಾಯಿತು. ಕೆಮ್ಮು ಕೇಳಿಸಿತು.

"ಲೇ ವಿಜಿ, ನಾನು ಕಣೇ ಅತ್ತೆ. ಬಾಗಿಲು ತೆಗಿ."

ಅಮ್ಮನಿಗೆ ಆಫೀಸು ಬೇಗ ಬಿಟ್ಟಿದೆ ಎಂದುಕೊಂಡೆ. ಎಷ್ಟೊಂದು ಖುಷಿಯಾಯಿತು. ಬಚ್ಚಲಿನಿಂದಲೇ ಗಂಟಲೆತ್ತಿ ಕೂಗಿದೆ.

"ಅಮ್ಮಾ, ಈ ಸಲ ಸರಿಯಾಗಿ ಬರ್ಲಿಲ್ಲ! ಅತ್ತೆ ಇನ್ನೂ ಜಾಸ್ತಿ ಮೂಗಲ್ಲಿ ಮಾತಾಡ್ತಾರೆ! 'ಗೊತ್ತಾಯ್ತಾ' ಎಲ್ಲಿ ಹೋಯ್ತು?"

ಆಚೆ ಸದ್ದು ನಿಂತುಹೋಯಿತು. ನಾನು ನಗುತ್ತ ಓಡಿಬಂದು ಕಿಟಕಿಯಲ್ಲಿ ನೋಡಿದೆ. ಸರಳಿನಾಚೆ ನಿಜವಾದ ಅತ್ತೆ. ಕೈಯಲ್ಲಿ ಚೀಲ, ಹಣೆಯಲ್ಲಿ ಬೆವರು, ಮುಖ ಕೆಂಪಗೆ. ನನಗೆ ನಿಂತ ನೆಲ ಬಿರಿಯಬಾರದೇ ಅನ್ನಿಸಿತು.

"ನಿಮ್ಮಮ್ಮ ನನ್ನ ಹಾಗೆ ಮಾತಾಡ್ತಾಳಾ?"

"ಅದು... ಟ್ರೈನಿಂಗಿಗೆ ಅತ್ತೆ."

"ಏನು ಟ್ರೈನಿಂಗೋ! ಮೊದಲು ಬಾಗಿಲು ತೆಗಿ, ಆಮೇಲೆ ಮಾತಾಡಣ."

ನಾನು ಸರಳು ಹಿಡಿದು ನಿಂತೆ. ತೆಗೆದರೆ ಅಮ್ಮನ ಮಾತು ಮೀರಿದ ಹಾಗೆ. ತೆಗೆಯದಿದ್ದರೆ ತೀರ್ಪು ಕೊಡಬೇಕಾದವರನ್ನೇ ಬೀದಿಯಲ್ಲಿ ನಿಲ್ಲಿಸಿದ ಹಾಗೆ. ಇಷ್ಟರ ಮೇಲೆ ಮೂಗಿನ ವಿಷಯ ಬೇರೆ ಆಗಿಹೋಗಿದೆ. ಅಮ್ಮನ ಕೆಲಸ ಅರ್ಧ ಹೋಯಿತು ಎಂದೇ ನನಗೆ ಅನ್ನಿಸಿತ್ತು. ಆದರೂ ನಾಲ್ಕು ಸಲ ಅಳಿಸಿ ಕಲಿಸಿದ ಪಾಠ ಬಾಯಿಗೆ ತಾನಾಗಿ ಬಂತು.

"ಅಮ್ಮ ಇಬ್ಬರಿಗೆ ಮಾತ್ರ ತೆಗಿ ಅಂದಿದಾಳೆ ಅತ್ತೆ. ಅಪ್ಪಂಗೆ, ಅವಳಿಗೆ. ನೀವು ಅದರಲ್ಲಿಲ್ಲ. ಜಗಲಿ ಮೇಲೆ ಕೂತ್ಕೊಳ್ಳಿ, ನೀರು ಕೊಡ್ತೀನಿ."

"ನಿಮ್ಮಪ್ಪನ್ನ ಎತ್ತಿ ಆಡಿಸಿದೋಳು ಕಣೇ ನಾನು! ನಂಗೇ ಬಾಗಿಲು ತೆಗೆಯಲ್ವಾ?"

"ತೆಗೆಯಲ್ಲ ಅತ್ತೆ. ಬೇಜಾರು ಮಾಡ್ಕೋಬೇಡಿ."

ಅವರು ಕೂಗಾಡಿದರು, ನಾನೂ ಸುಮ್ಮನಿರಲಿಲ್ಲ. ಹನ್ನೆರಡು ವರ್ಷಕ್ಕೇ ನನ್ನ ಬಾಯಿ ಹರಿತವಾಗಿತ್ತು. ನಾವಿಬ್ಬರೂ ಹೀಗೆ ಸರಳಿನ ಆಚೆ ಈಚೆ ವಾದಿಸುತ್ತಿದ್ದಾಗ ಹಿಂದಿನಿಂದ ದಡಾರ್ ಎಂದು ಬಾಗಿಲು ಹಾಕಿಕೊಂಡ ಸದ್ದು. ಅದರ ಹಿಂದೆಯೇ ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸಣ್ಣ ಸದ್ದು. ನಾನು ತಿರುಗಿದೆ. ಅಡಿಗೆಮನೆಯ ನೆಲದಲ್ಲಿ ಲೋಟಗಳಿದ್ದವು, ಗುಂಡ ಇರಲಿಲ್ಲ. ಬಚ್ಚಲಿಗೆ ಹೊರಗಿನ ಚಿಲಕ ಹಾಕದೆ, ನಲ್ಲಿಯನ್ನೂ ನಿಲ್ಲಿಸದೆ ನಾನು ಓಡಿ ಬಂದಿದ್ದೆ. ಒಂದು ನಿಮಿಷವೂ ಬಿಡಬೇಡ ಎಂದಿದ್ದನ್ನು ಹತ್ತು ನಿಮಿಷ ಬಿಟ್ಟಿದ್ದೆ.

ತೊಟ್ಟಿ ಗುಂಡನ ಎದೆಯ ಮಟ್ಟಕ್ಕಿತ್ತು. ಬಗ್ಗಿದರೆ ತಲೆಕೆಳಗಾಗಿ ಬೀಳುವಷ್ಟು. ಒಳಗೆ ನೀರು ಸುರಿಯುವ ಸದ್ದು, ಅದರ ಜೊತೆಗೆ ಅವನ ಕೇಕೆ. ಕಿಟಕಿಯಲ್ಲಿ ನಿಂತ ಅತ್ತೆಗೂ ಎಲ್ಲ ಕಂಡಿತ್ತು. "ಅಯ್ಯೋ ಮಗು!" ಎಂದು ಅವರು ಕಿರುಚಿದ ಕಿರುಚಿಗೆ ಗುಂಡನ ಕೇಕೆ ನಿಂತು ಅಳು ಶುರುವಾಯಿತು. ನನ್ನ ತಲೆ ಮಾತ್ರ, ಆ ಧೈರ್ಯ ಎಲ್ಲಿಂದ ಬಂತೋ, ತಣ್ಣಗೆ ಕೆಲಸ ಮಾಡತೊಡಗಿತು. ಎದುರುಮನೆಗೆ ಬೀಗ, ಅವರೆಲ್ಲ ಮದುವೆಗೆ ಹೋಗಿದ್ದರು. ಮುಂಬಾಗಿಲ ಚಿಲಕ ತೆಗೆಯಲು ಸ್ಟೂಲು ಬೇಕು, ಅಷ್ಟು ಹೊತ್ತಿಲ್ಲ. ಅತ್ತೆ ಹೊರಗಿದ್ದಾರೆ. ನೀರಿನ ವಾಲ್ವೂ ಹೊರಗಿದೆ.

"ಕಿರುಚಬೇಡಿ ಅತ್ತೆ, ಅವನು ಹೆದರ್ತಾನೆ! ಗೇಟಿನ ಪಕ್ಕ ಕಬ್ಬಿಣದ ಮುಚ್ಚಳ ಇದೆ, ಎತ್ತಿ. ಒಳಗೆ ಚಕ್ರ ಇದೆ. ಬಲಗಡೆಗೆ ತಿರುಗಿಸಿ, ನೀರು ನಿಲ್ಲೋವರೆಗೂ ತಿರುಗಿಸಿ. ಹೋಗಿ!"

ನನ್ನ ಅತ್ತೆಗೆ ಅವರ ಜನ್ಮದಲ್ಲಿ ಯಾರೂ ಹಾಗೆ ಅಪ್ಪಣೆ ಕೊಟ್ಟಿರಲಾರರು. ಚೀಲ ಅಲ್ಲೇ ಎಸೆದು ಓಡಿದರು.

ನಾನು ಬಚ್ಚಲಿನ ಬಾಗಿಲಿಗೆ ಬಂದು ಕುಕ್ಕರಗಾಲಲ್ಲಿ ಕುಳಿತೆ. ಅಳುವ ಗುಂಡ ಎಲ್ಲಿದ್ದಾನೋ ಗೊತ್ತಾಗುತ್ತಿರಲಿಲ್ಲ. ಅವನನ್ನು ತೊಟ್ಟಿಯಿಂದ ಬಾಗಿಲಿಗೆ ಎಳೆಯಬೇಕಿತ್ತು. ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಬಾಗಿಲಿನ ಕೆಳಗಿನ ಸಂದಿಯಲ್ಲಿ ಒಳಗೆ ತೂರಿಸಿ, ಹಾವಿನ ಹಾಗೆ ಆಡಿಸಿದೆ. "ಗುಂಡಾ, ಹಾವು ಬಂತು ನೋಡೋ, ಹಿಡಿ ಹಿಡಿ" ಎಂದು ನಗುತ್ತ ಕರೆದೆ. ನಗು ಹೇಗೆ ಬಂತೆಂದು ಕೇಳಬೇಡಿ. ಅಳು ನಿಂತಿತು. ಪುಟ್ಟ ಹೆಜ್ಜೆಗಳ ಸದ್ದು. ರಿಬ್ಬನ್ನಿನ ಆ ತುದಿಯನ್ನು ಯಾರೋ ಜಗ್ಗಿದರು. ನನ್ನ ಜೀವ ಅಲ್ಲಿಗೆ ಅರ್ಧ ಬಂತು.

ಇನ್ನು ಆ ಕಬ್ಬಿಣದ ಪಟ್ಟಿ. ಅದನ್ನು ಒಳಗಿನಿಂದ ಮೇಲೆತ್ತಬೇಕು, ಬಾಗಿಲಿಗೂ ಚೌಕಟ್ಟಿಗೂ ನಡುವೆ ಇದ್ದದ್ದು ಬೆರಳೂ ಹೋಗದ ಸಂದು. ರಿಬ್ಬನ್ ಬಿಟ್ಟು ಏಳುವ ಹಾಗಿಲ್ಲ, ಬಿಟ್ಟರೆ ಅವನು ಮತ್ತೆ ತೊಟ್ಟಿಗೆ. ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ರಿಬ್ಬನ್ ಸಿಕ್ಕಿಸಿಕೊಂಡು ನಿಂತೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಒಲೆಕಟ್ಟೆಯ ಮೂಲೆಯಲ್ಲಿ, ದೋಸೆ ಮಗುಚುವ ಕೈ ನೇತಾಡುತ್ತಿತ್ತು. ವರ್ಷಾನುಗಟ್ಟಲೆ ಕಾವಲಿ ಕೆರೆದು ಕೆರೆದು ಅದರ ಅಂಚು ಕಾಗದದಷ್ಟು ತೆಳ್ಳಗಾಗಿತ್ತು. ಅದನ್ನು ಸಂದಿಗೆ ತೂರಿಸಿದೆ. ಹೋಯಿತು. ಒಂದು ಕಾಲಿನಲ್ಲಿ ನಿಂತು, ಇನ್ನೊಂದು ಕಾಲಿನಲ್ಲಿ ಹಾವು ಆಡಿಸುತ್ತ, ಎರಡೂ ಕೈಯಲ್ಲಿ ಮಗುಚುವ ಕೈಯನ್ನು ಕೆಳಗಿನಿಂದ ಮೇಲಕ್ಕೆ ಸರಿಸಿದೆ. ಪಟ್ಟಿ ತಗುಲಿತು, ಎದ್ದಿತು, ಜಾರಿ ಮತ್ತೆ ಬಿತ್ತು. ಎರಡನೇ ಸಲವೂ ಬಿತ್ತು. ಅಷ್ಟರಲ್ಲಿ ಒಳಗೆ ನೀರಿನ ಸದ್ದು ಸಣ್ಣಗಾಗಿ, ತೊಟ್ಟಿಕ್ಕಿ, ನಿಂತೇಹೋಯಿತು. ಅತ್ತೆ ಚಕ್ರ ತಿರುಗಿಸಿದ್ದರು. ಮೂರನೇ ಸಲ ಹಲ್ಲು ಕಚ್ಚಿ ಎತ್ತಿದೆ. ಪಟ್ಟಿ ಕೊಕ್ಕೆಯಿಂದ ಹೊರಬಂತು.

ಬಾಗಿಲನ್ನು ಮೆಲ್ಲಗೆ ತಳ್ಳಿ, ತೋಳು ತೂರಿಸಿ ಗುಂಡನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದೆ. ಅವನು ಒದ್ದೆ ನೆಲದಲ್ಲಿ ಕುಳಿತು ರಿಬ್ಬನ್ನನ್ನು ಬಾಯಿಗೆ ಹಾಕಿಕೊಂಡಿದ್ದ. ಎತ್ತಿಕೊಂಡೆ. ಅವನ ಹೊಟ್ಟೆ, ಬೆನ್ನು, ತಲೆ ಎಲ್ಲ ಮುಟ್ಟಿ ನೋಡಿದೆ. ಆಮೇಲೆ ನನಗೆ ಅಳು ಬಂತು, ಅಲ್ಲಿಯತನಕ ತಡೆದದ್ದೆಲ್ಲ ಒಟ್ಟಿಗೆ. ಅವನನ್ನು ಅವುಚಿಕೊಂಡು ನಡುಮನೆಗೆ ಓಡಿದೆ. ಅತ್ತೆ ಕಿಟಕಿಗೆ ಮರಳಿದ್ದರು, ಸೀರೆಯ ಅಂಚೆಲ್ಲ ಕೆಸರು, ಕೈಗೆ ತುಕ್ಕು. ಇನ್ನು ನನಗೆ ಯಾವ ನಿಯಮವೂ ಬೇಕಿರಲಿಲ್ಲ, ದೊಡ್ಡವರೊಬ್ಬರು ಬೇಕಿತ್ತು. ಸ್ಟೂಲು ಎಳೆದು ಹತ್ತಿ, ಚಿಲಕಕ್ಕೆ ಕೈ ಹಾಕಿದೆ.

"ತೆಗೀಬೇಡ," ಎಂದರು ಅತ್ತೆ.

ನಾನು ಚಿಲಕದಿಂದ ಕೈ ತೆಗೆದೆ.

"ತೆಗೀಬೇಡ ಕಣೇ. ನಿಮ್ಮಮ್ಮ ಬರ್ಲಿ. ನಾನು ಇಲ್ಲೇ ಕೂತಿರ್ತೀನಿ. ಮೊದ್ಲು ಅವನ ಬಟ್ಟೆ ಬದಲಾಯಿಸು, ನೆಗಡಿಯಾಗತ್ತೆ."

ಅವನ ಬಟ್ಟೆ ಬದಲಾಯಿಸಿದೆ. ಅತ್ತೆಗೆ ಸರಳಿನ ನಡುವೆ ಲೋಟ ತೂರಿಸಿ ನೀರು ಕೊಟ್ಟೆ. ಅವರು ಚೀಲದಿಂದ ಕೋಡುಬಳೆ ತೆಗೆದು ಒಂದೊಂದಾಗಿ ಒಳಗೆ ಕೊಟ್ಟರು. ಆಮೇಲೆ ಕಿಟಕಿಗೆ ಒರಗಿ ಜಗಲಿಯ ಮೇಲೆ ಕುಳಿತು, ಒಂದು ಕೈಯನ್ನು ಒಳಗೆ ಚಾಚಿ ಗುಂಡನ ಕಾಲು ಹಿಡಿದುಕೊಂಡೇ ಇದ್ದರು. ಆರು ಗಂಟೆಗೆ ಅಮ್ಮ ಬಂದು, ಹೊರಗೆ ಕುಳಿತ ಅತ್ತಿಗೆಯನ್ನೂ ಹಾಕಿದ ಬಾಗಿಲನ್ನೂ ನೋಡಿ ಬಿಳುಚಿಕೊಂಡಳು. "ನಾಗುನೂ ಇರ್ಲಿ, ಬೆಳಗ್ಗೆ ಮಾತಾಡಣ," ಎಂದರು ಅತ್ತೆ. ಅಪ್ಪ ಪಾಳಿ ಮುಗಿಸಿ ಬರುವುದು ತಡವಾಗುವುದರಿಂದ ಅವತ್ತು ನಮ್ಮಲ್ಲೇ ಉಳಿದರು.

ಬೆಳಗ್ಗೆ ಕಾಫಿಗೆ ನಾಲ್ವರೂ ನಡುಮನೆಯಲ್ಲಿ ಸೇರಿದೆವು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಚಿಲಕ ಹಾಕದೆ ಬಂದದ್ದು, ನಲ್ಲಿ ಬಿಟ್ಟು ಬಂದದ್ದು, ಅತ್ತೆಯ ಮೂಗಿನ ಮಾತು ಕೂಡ. ತಪ್ಪು ನನ್ನದು, ಅಮ್ಮನದಲ್ಲ, ಅವಳು ಕಲಿಸಿದ್ದಳು ಎಂದೆ. ಅಮ್ಮ ತಲೆ ಎತ್ತಲಿಲ್ಲ. ಅಪ್ಪ ರೂಢಿಯಂತೆ ಅಕ್ಕನ ಕಡೆ ನೋಡಿದರು.

"ನಾಗು, ನಿನ್ನ ಮೊಣಕಾಲ ಮೇಲೆ ಮಚ್ಚೆ ಇದ್ಯಲ್ಲ, ಅದೇನು?"

"ಹುಟ್ಟುಮಚ್ಚೆ ಅಲ್ವಾ ಅಕ್ಕ?"

"ಅಲ್ಲ. ಬಿಸಿನೀರು ಬಿದ್ದಿದ್ದು. ಅಮ್ಮ ಹೋದಾಗ ನಂಗೆ ಹದಿಮೂರು, ನಿಂಗೆ ಎರಡು. ಅಪ್ಪ ನಿನ್ನ ನನ್ನ ಕೈಗೆ ಕೊಟ್ಟು ಕೆಲಸಕ್ಕೆ ಹೋದರು. ಒಲೆ ಹತ್ರ ಬಿಡಬೇಡ ಅಂತ ನಂಗೆ ಯಾರೂ ಹೇಳ್ಲಿಲ್ಲ ಕಣೋ. ನೀನು ಅರಚ್ತಿದ್ದೆ, ನಾನು ಮೂಲೇಲಿ ಕೂತು ಅಳ್ತಿದ್ದೆ. ಅಕ್ಕಪಕ್ಕದೋರು ಬರೋವರೆಗೂ ಅಳ್ತಾನೇ ಇದ್ದೆ. ಇಷ್ಟು ವರ್ಷ ಹುಟ್ಟುಮಚ್ಚೆ ಅಂತ ಸುಳ್ಳು ಹೇಳಿದೀನಿ."

ಅಪ್ಪ ಪಂಚೆಯ ಮೇಲಿಂದಲೇ ಮೊಣಕಾಲು ಮುಟ್ಟಿಕೊಂಡರು.

"ಇವಳೂ ತಪ್ಪು ಮಾಡಿದ್ಲು. ಆದ್ರೆ ಮೂಲೇಲಿ ಕೂರ್ಲಿಲ್ಲ. ನಂಗೇ ಕೆಲಸ ಹೇಳಿದ್ಲು. ಇದೆಲ್ಲ ಕಲಿಸಿ ಬರೋದಲ್ಲ ಅಂದಿದ್ದೆ ನಾನು. ಬರತ್ತೆ. ಸರೋಜ, ನೀನು ಕೆಲಸಕ್ಕೆ ಹೋಗು. ಯಾರು ಬೇಡ ಅಂತಾರೋ ನಾನು ನೋಡ್ತೀನಿ. ನೀನು, ನಾಗು, ಇವತ್ತೇ ಆ ಕಬ್ಬಿಣದ ಪಟ್ಟಿ ಕೀಳು. ಗೊತ್ತಾಯ್ತಾ?"

ಅಪ್ಪ ಆಗಲಿ ಎಂದರು, ಮತ್ತು ಅವತ್ತು ನಿಜವಾಗಿ ಎದ್ದು ಹೋಗಿ ಸ್ಕ್ರೂಡ್ರೈವರ್ ತಂದರು. ಅತ್ತೆ ಅಮ್ಮನ ಕಡೆ ತಿರುಗಿದರು.

"ಈಗ ನನ್ನ ಹಾಗೆ ಮಾಡಿ ತೋರ್ಸು."

"ಅತ್ತಿಗೆ, ಅದು ಮಕ್ಕಳ ಜೊತೆ ಏನೋ..."

"ಮಾಡ್ತೀಯೋ ಇಲ್ವೋ?"

ಅಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಹೋದಳು. ದಬದಬ ಬಡಿದಳು, ಕೆಮ್ಮಿದಳು, ಮೂಗಿನಲ್ಲಿ ಎಳೆದಳು. ನಾನು ಹುಟ್ಟಿದ ಮೇಲೆ ಅತ್ತೆ ಅಷ್ಟು ನಕ್ಕದ್ದನ್ನು ನೋಡಿರಲಿಲ್ಲ. ಕಾಫಿ ಲೋಟ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಲೇ, ನಾನು ಇಷ್ಟು ಕೆಟ್ಟದಾಗಿ ಮಾತಾಡ್ತೀನೇನೇ?" ಎಂದು ನನ್ನನ್ನು ಕೇಳಿದರು. ಸುಳ್ಳು ಹೇಳುವ ದಿನ ಅದಾಗಿರಲಿಲ್ಲ. ಹೌದು ಎಂದೆ.

ಆ ಸಂಜೆಯದೊಂದು ಮಾತು ಹೇಳಬೇಕು. ಕೆಲಸಕ್ಕೆ ಸೇರಿದ ದಿನದಿಂದ ಅಮ್ಮ ಬಸ್ಸಿಳಿದು ಮನೆಗೆ ಓಡಿಕೊಂಡೇ ಬರುತ್ತಿದ್ದಳು. ಓಡುತ್ತಿರಲಿಲ್ಲ ಎಂದು ಅವಳು ಸಾಧಿಸುತ್ತಿದ್ದಳು, ಆದರೆ ನಾನು ಕಿಟಕಿಯಲ್ಲಿ ದಿನಾ ನೋಡಿದ್ದೇನೆ. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಬ್ಯಾಗು, ತಿರುವಿನಿಂದಲೇ ಕಣ್ಣು ನಮ್ಮ ಬಾಗಿಲ ಮೇಲೆ. ಚಪ್ಪಲಿ ಬಿಡುವ ಮೊದಲು ಗುಂಡನ ಕೈ ಕಾಲು ಎಣಿಸುವವಳ ಹಾಗೆ ನೋಡುತ್ತಿದ್ದಳು. ಆ ದಿನ ಆರು ಹೊಡೆಯಿತು, ಅಮ್ಮ ಬರಲಿಲ್ಲ. ಆರೂ ಹತ್ತಾಯಿತು. ನಾನು ಗುಂಡನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಿಟಕಿಯಲ್ಲಿ ನಿಂತೆ. ಆಗ ರಸ್ತೆಯ ತಿರುವಿನಲ್ಲಿ ಅವಳು ಕಂಡಳು. ಹೂ ಮಾರುವವಳ ಬುಟ್ಟಿಯ ಮುಂದೆ ನಿಂತು ಕಾಕಡ ಮಲ್ಲಿಗೆ ಆರಿಸುತ್ತಿದ್ದಳು. ಆರಿಸಿ, ಮುಡಿದು, ಅವಳ ಹತ್ತಿರ ಏನೋ ಹೇಳಿ ನಕ್ಕು, ಬ್ಯಾಗನ್ನು ಭುಜಕ್ಕೆ ಏರಿಸಿಕೊಂಡು, ಮರದ ನೆರಳಲ್ಲಿ ಆರಾಮವಾಗಿ ಬರತೊಡಗಿದಳು. ನಾನು ಗುಂಡನನ್ನು ಸರಳಿನ ಹತ್ತಿರ ಎತ್ತಿ ಹಿಡಿದೆ.

"ನೋಡೋ ಗುಂಡಾ," ಎಂದೆ, "ಅಮ್ಮ ನಡ್ಕೊಂಡು ಬರ್ತಿದಾಳೆ."